ಮಾವ ಅಂಗಿ ಬಿಚ್ಚಿದ ಚಳಿಗಾಲ

ಹೋದ ವಾರ ಹುಮನಾಬಾದ ಕಡೆಯ ಒಂದು ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಮರಳುತ್ತಿದ್ದೆವು. ಕಮಲಾಪುರದಲ್ಲಿ ಬಸ್ಸು ನಿಂತಾಗ ನನ್ನ ಮಗಳು ಸ್ತುತಿ ಕಿಟಕಿಯಿಂದ ಕೈ ಚಾಚಿ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕೊಂಡು ನನ್ನ ತೊಡೆಯ ಮೇಲಿಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು.

"ಯಾಕಮ್ಮಾ, ಒಬ್ಬಾಕೀನೇ ನಗಾಕತ್ತೀ?"

"ನಿಮ್ಮ ಮುತ್ಯಾನ ನೆನಪಾತು."

"ಮುತ್ಯಾ ಮನ್ಯಾಗೇ ಅದಾನಲ್ಲ?"

"ಅದಾನ. ನನಗ ನೆನಪಾದ ಮುತ್ಯಾ ಮೈಮ್ಯಾಲ ಅಂಗಿ ಇಲ್ಲದಾಂವ."

ಅವಳಿಗೆ ಅರ್ಥವಾಗಲಿಲ್ಲ. ಒಂದು ಹಣ್ಣು ಸುಲಿದುಕೊಂಡು ಕಿಟಕಿಯತ್ತ ತಿರುಗಿದಳು. ಒಂಬತ್ತು ವರ್ಷದ ಹುಡುಗಿ. ತಾನು ಆ ಊರಿನಲ್ಲಿ ಒಂದಿಡೀ ಚಳಿಗಾಲವನ್ನು ಹೇಗೆ ಕಳೆದಳೆಂಬುದು ಅವಳಿಗೆ ಗೊತ್ತಿಲ್ಲ.

ಆಗ ನಾವು ಕಲಬುರಗಿಯ ಅಂಚಿನ ಕೋಟನೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಸುಧೀರ ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಫಿಟ್ಟರ್. ನನ್ನ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಬಾಣಂತನಕ್ಕೆ ಯಾರು ಎಂದು ನಾವಿನ್ನೂ ಯೋಚಿಸಿಯೇ ಇರಲಿಲ್ಲ, ಏಕೆಂದರೆ ಜನವರಿಗೆ ಹೆರಿಗೆ ಎಂದು ಹೇಳಿದ್ದರು. ಆದರೆ ನವೆಂಬರಿನ ಒಂದು ಮಧ್ಯಾಹ್ನ, ಒಗೆದ ಬಟ್ಟೆ ಹಿಂಡುತ್ತಿದ್ದವಳಿಗೆ ನೋವು ಶುರುವಾಯಿತು. ಸಂಜೆಯೊಳಗೆ ಸ್ತುತಿ ಹುಟ್ಟಿಬಿಟ್ಟಳು. ಒಂದೂವರೆ ಕಿಲೋಕ್ಕಿಂತ ಸ್ವಲ್ಪ ಕಡಿಮೆ. ನನ್ನ ಅಂಗೈ ಅವಳ ಬೆನ್ನಿಗಿಂತ ದೊಡ್ಡದಾಗಿತ್ತು.

ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅವಳನ್ನು ನೋಡುತ್ತ ನಿಂತಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ನನ್ನ ಮೈ ಈ ಕೂಸನ್ನು ಎರಡು ತಿಂಗಳು ಮೊದಲೇ ಕೈಬಿಟ್ಟಿತು. ಬೇರೆಯವರು ಸಮಾಧಾನ ಹೇಳಿದಷ್ಟೂ ಆ ಮಾತು ಒಳಗೆ ಗಟ್ಟಿಯಾಗುತ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಬಾಯಿಗೆ ಬರುತ್ತಿದ್ದದ್ದು 'ತಪ್ಪಾಯ್ತು' ಎಂಬ ಮಾತು ಮಾತ್ರ.

ಆ ವಾರ್ಡಿನಲ್ಲಿ ಮೋಮಿನಪುರದ ಒಬ್ಬ ಹಿರಿಯ ನರ್ಸ್ ಇದ್ದರು. ಎಲ್ಲರೂ ಅವರನ್ನು ಆಪಾ ಎಂದೇ ಕರೆಯುತ್ತಿದ್ದರು. ಎರಡನೇ ವಾರ ಅವರು ಕೂಸಿಗೆ ಟೋಪಿ, ಕಾಲುಚೀಲ ಹಾಕಿ, ಉಳಿದಂತೆ ಬರಿಮೈಯಲ್ಲೇ ತಂದು ನನ್ನ ಎದೆಯ ನಡುವೆ ನೆಟ್ಟಗೆ ಇಟ್ಟರು. ಮೇಲೆ ಒಂದು ಮೆತ್ತನೆಯ ಬಟ್ಟೆ ಸುತ್ತಿ ಗಂಟು ಹಾಕಿದರು.

"ನೋಡು ಬೇಟಿ, ಹೊಟ್ಟ್ಯಾಗ ಎರಡ ತಿಂಗಳು ಕಮ್ಮಿ ಬಿತ್ತು. ಅದನ್ನ ಈಗ ಹೊರಗ ಪೂರಾ ಮಾಡ್ಬೇಕು. ಹಗಲು ರಾತ್ರಿ, ಎಷ್ಟ ತಾಸು ಆಗ್ತದ ಅಷ್ಟ ತಾಸು."

"ನಾ ಒಬ್ಬಾಕೀನೇ ಅಷ್ಟ ಹೊತ್ತು ಹ್ಯಾಂಗ ಆಪಾ?"

"ಒಬ್ಬಾಕೀನೇ ಯಾಕ? ಹಾಲು ಕೊಡೂದು ಒಂದ ನಿನ್ನ ಕೆಲಸ. ಬಿಸುಪು ಯಾರ ಕೊಟ್ಟರೂ ಬಿಸುಪ. ಕೆಮ್ಮು ನೆಗಡಿ ಇರಬಾರದು, ಮೈ ಸ್ವಚ್ಛ ಇರಬೇಕು, ಅಷ್ಟ."

ಮೂರು ವಾರಕ್ಕೆ ನಮ್ಮನ್ನು ಮನೆಗೆ ಕಳಿಸಿದರು. ಸುಧೀರನಿಗೆ ಹೊಸ ತೊಗರಿ ಬರುವ ಮುಂಚೆ ಯಂತ್ರಗಳನ್ನೆಲ್ಲ ಬಿಚ್ಚಿ ಜೋಡಿಸುವ ಕೆಲಸ, ರಜೆ ಸಿಗುವಂತಿರಲಿಲ್ಲ. ಆಗ ಕಮಲಾಪುರದಿಂದ ಅತ್ತೆ ಕರುಣಮ್ಮ ಬಾಡಿಗೆ ಜೀಪಿನಲ್ಲಿ ಬಂದಿಳಿದು, ನನ್ನ ಬಟ್ಟೆಗಂಟನ್ನು ತಾವೇ ಕಟ್ಟಿ, "ನಡಿ ಮಗಾ, ನಮ್ಮ ಮನೀಗೆ" ಎಂದರು. ದಾರಿಯುದ್ದಕ್ಕೂ ಕೂಸು ನನ್ನ ಎದೆಯಲ್ಲಿ, ನಾನು ಅತ್ತೆಯ ಶಾಲಿನಲ್ಲಿ.

ನನಗೆ ಅಳುಕಿದ್ದದ್ದು ಮಾವನ ಬಗ್ಗೆ, ಅಂದರೆ ಸ್ತುತಿಯ ಮುತ್ಯಾನ ಬಗ್ಗೆ. ದೇವಪ್ಪ ಮಾಸ್ತರ ಎಂದರೆ ಕಮಲಾಪುರದಲ್ಲಿ ಎಲ್ಲರಿಗೂ ಗೊತ್ತು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಗಂಜಿ ಹಾಕಿದ ಬಿಳಿ ಅಂಗಿಯ ಕೊರಳಗುಂಡಿಯನ್ನೂ ಬಿಡದೆ ಹಾಕಿಕೊಳ್ಳುವವರು. ಮನೆಯಲ್ಲಿ ಬನಿಯನ್ನಿನ ಮೇಲೆ ಅವರನ್ನು ನೋಡಿದವರೇ ಇರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನನ್ನೊಡನೆ ಅವರು ಆಡಿದ್ದು "ಊಟ ಆಯ್ತಾ?", "ಬಸ್ಸು ಸಿಕ್ತಾ?" ಎಂಬ ಎರಡೇ ಮಾತು. ಅದು ಸಿಟ್ಟಲ್ಲ, ಅವರಿಗೆ ಬರುತ್ತಿದ್ದದ್ದೇ ಅಷ್ಟು. "ನಮ್ಮಪ್ಪ ನಮ್ಮನ್ನ ಒಂದಿನನೂ ಎತ್ತಿಕೊಂಡಾಂವಲ್ಲ" ಎಂದು ಸುಧೀರ ಹೇಳುತ್ತಿದ್ದ.

ಕಮಲಾಪುರದ ಮನೆ ಚಿಕ್ಕದು. ಪಕ್ಕದ ಗೋಡೆಯಾಚೆ ಶರಣಮ್ಮನವರ ಬಾಳೆಹಣ್ಣಿನ ಕೋಣೆ. ಕೆಂಪು ಬಾಳೆಯ ಗೊನೆಗಳನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡುತ್ತಿದ್ದರು. ಬೆಳಗಿನ ಚಳಿಯಲ್ಲಿ ಆ ಸಿಹಿ, ಹುಲ್ಲುಗಂಪಿನ ವಾಸನೆ ಗೋಡೆ ದಾಟಿ ನಮ್ಮ ಹಾಸಿಗೆಯವರೆಗೂ ಬರುತ್ತಿತ್ತು. ಅತ್ತೆ ಒಳಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದು ಗಾಳಿ ಬರದಂತೆ ಮಾಡಿದ್ದರು. ನಾನೂ ಅವರೂ ಸರದಿಯಲ್ಲಿ ಕೂಸನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದೆವು. ನಾನು ಮಲಗಿದಾಗ ಅವರು, ಅವರು ರೊಟ್ಟಿ ಬಡಿಯುವಾಗ ನಾನು. ಎರಡು ತಾಸಿಗೊಮ್ಮೆ ಚಮಚದಲ್ಲಿ ಹಾಲು. ಒಂದು ಹನಿ ಗಂಟಲಿಗಿಳಿದರೆ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದೆವು.

ಮಾವ ಹೊರಗಿನ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿರುತ್ತಿದ್ದರು. ಅವರು ಒಳಕೋಣೆಯ ಹೊಸ್ತಿಲು ದಾಟಲಿಲ್ಲ. ದಿನಕ್ಕೆರಡು ಸಲ ಬಾಗಿಲಾಚೆಯಿಂದ ಗಂಟಲು ಸರಿಮಾಡಿಕೊಂಡು, "ಕೂಸು ಹ್ಯಾಂಗದ?" ಎನ್ನುವರು. "ಚೊಲೋ ಅದ" ಎಂದು ಅತ್ತೆ ಹೇಳಿದರೆ ಹೊರಟುಹೋಗುವರು.

ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ನನಗೆ ಎದೆಹಾಲು ಕಟ್ಟಿ ಜ್ವರ ಬಂತು. ಮೈ ಗಡಗಡ ನಡುಗುತ್ತಿತ್ತು. ಎದೆಗೆ ಸೆರಗು ತಾಗಿದರೂ ಜೀವ ಹೋದಂತೆ. ಡಾಕ್ಟರು ಗುಳಿಗೆ ಕೊಟ್ಟು, "ಹಾಲು ನಿಲ್ಲಿಸಬ್ಯಾಡ್ರಿ, ಹಿಂಡಿ ಕೊಡ್ರಿ. ಆದರ ನಿಮಗ ನಿದ್ದಿ ಬೇಕು" ಎಂದರು. ಅತ್ತೆ ಎರಡು ದಿನ ಕೂಸನ್ನು ಒಬ್ಬರೇ ಹೊತ್ತರು. ಕೂಸನ್ನು ಕಟ್ಟಿಕೊಂಡೇ ನೀರು ಕಾಯಿಸಿದರು, ನನ್ನ ಹಣೆಗೆ ಒದ್ದೆಬಟ್ಟೆ ಹಾಕಿದರು. ಕೂತಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿದರು. ಮೂರನೆಯ ದಿನ ಬೆಳಿಗ್ಗೆ ಅವರಿಗೆ ಕೆಮ್ಮು ಹತ್ತಿತು.

ಆಪಾ ಹೇಳಿದ ಮಾತು ಇಬ್ಬರಿಗೂ ನೆನಪಿತ್ತು. ಅತ್ತೆ ಗಂಟು ಬಿಚ್ಚಿ, ಕೂಸನ್ನು ಕಂಬಳಿಯಲ್ಲಿ ಸುತ್ತಿ ನನ್ನ ಪಕ್ಕದಲ್ಲಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ದೂರ ನಿಂತರು. ನಾನು ಎದ್ದು ಕೂರಲು ನೋಡಿದೆ, ಕೋಣೆ ತಿರುಗಿತು. ಸ್ವಲ್ಪ ಹೊತ್ತಿಗೆ ಕೂಸಿನ ಕಾಲು ಮುಟ್ಟಿದರೆ ಬಾವಿಯ ಕಲ್ಲಿನ ಹಾಗೆ ತಣ್ಣಗೆ. ಉಗುರಿನ ಸುತ್ತ ನೀಲಿ.

"ಅತ್ತೀ, ಕಾಲು ನೋಡ್ರಿ!" ಎಂದೆ.

ಅತ್ತೆ ನೋಡಿದರು. ನೇರ ಹೋಗಿ ಮುಂಬಾಗಿಲಲ್ಲಿ ನಿಂತರು. ಮಾವ ಕಟ್ಟೆಯ ಮೇಲಿದ್ದರು. ಅತ್ತೆ ದನಿ ಏರಿಸಲಿಲ್ಲ, ಅಳಲಿಲ್ಲ. ಸಾದಾ ದನಿಯಲ್ಲಿ ಹೇಳಿದರು:

"ಈಗರ ಒಳಗ ಬರ್ರಿ."

ಪೇಪರು ಮಡಿಚುವ ಸದ್ದು ಕೇಳಿಸಿತು. ಮಾವ ಬಚ್ಚಲಿಗೆ ಹೋಗಿ, ಅಂಗಿ ಬಿಚ್ಚಿ, ಸಾಬೂನು ಹಚ್ಚಿ ಮೈ ತೊಳೆದುಕೊಂಡು, ಒರೆಸಿಕೊಂಡು ಬಂದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಎದೆಯ ಮೇಲೆ ಬಿಳಿಗೂದಲು, ಅದರ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡು, ಪರೀಕ್ಷೆಗೆ ಬಂದ ಹುಡುಗನ ಹಾಗೆ. ಅತ್ತೆ ದೂರದಿಂದಲೇ ಹೇಳಿಕೊಟ್ಟರು: "ಕುರ್ಚಿ ಮ್ಯಾಲ ಕುಂಡ್ರಿ. ಹಿಂದಕ್ಕ ಒರಗ್ರಿ. ಕುತ್ತಿಗಿ ಹಿಡೀರಿ. ಹಂಗಲ್ರೀ, ಪುಸ್ತಕ ಹಿಡದಂಗ ಹಿಡೀಬ್ಯಾಡ್ರಿ, ಹಕ್ಕಿ ಹಿಡದಂಗ ಹಿಡೀರಿ." ಬಟ್ಟೆಯ ಗಂಟು ಹಾಕಿದ್ದು ನಾನು, ಹಾಸಿಗೆಯ ಮೇಲೆ ಗೋಡೆಗೊರಗಿ ಕೂತು. ಮೇಲೆ ಕಂಬಳಿ ಹೊದಿಸಿದೆವು.

ಮಾವ ಅಲುಗಾಡಲಿಲ್ಲ. ಉಸಿರಾಡುವುದಕ್ಕೂ ಹೆದರಿದಂತಿತ್ತು. ಕೂಸು ಸಣ್ಣಗೆ ಕುಂಯ್‌ಗುಟ್ಟಿತು. ಮಾವನಿಗೆ ಜೋಗುಳ ಬರುತ್ತಿರಲಿಲ್ಲ. ಅವರು ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು, ಆಮೇಲೆ ಮೆಲ್ಲಗೆ ಶುರು ಮಾಡಿದರು:

"ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು..."

ಮಗ್ಗಿ ಏಳಕ್ಕೆ ಬರುವಷ್ಟರಲ್ಲಿ ಕೂಸು ಸುಮ್ಮನಾಯಿತು. ಹನ್ನೆರಡಕ್ಕೆ ಬರುವಷ್ಟರಲ್ಲಿ ಕಾಲು ಬೆಚ್ಚಗಾಗಿತ್ತು. ಅತ್ತೆ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡೇ ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ಜ್ವರದಲ್ಲೇ ನಿದ್ದೆ ಹೋದೆ. ಆರು ತಾಸು ಮಲಗಿದೆನಂತೆ. ಎದ್ದಾಗ ಮಾವ ಅದೇ ಕುರ್ಚಿಯಲ್ಲಿ, ಅದೇ ಭಂಗಿಯಲ್ಲಿದ್ದರು. ಹಾಲು ಕುಡಿಸಲು ಎರಡು ಸಲ ನನ್ನನ್ನು ಎಬ್ಬಿಸಲು ನೋಡಿ, ಹಿಂಡಿಟ್ಟ ಹಾಲನ್ನು ತಾವೇ ಚಮಚದಲ್ಲಿ ಕುಡಿಸಿದ್ದರು.

"ಎಷ್ಟ ಕುಡೀತ್ರೀ ಮಾವ?"

"ಹದಿನಾರ ಚಮಚ. ಒಂದ ಚೆಲ್ಲಿತು. ಅದು ನನ್ನ ತಪ್ಪು."

ನಾಲ್ಕು ವರ್ಷದಲ್ಲಿ ಅವರು ನನಗೆ ಹೇಳಿದ ಮೂರನೆಯ ಮಾತು ಅದು.

ಆಮೇಲೆ ಅವರನ್ನು ಒಳಕೋಣೆಯಿಂದ ಹೊರಗೆ ಕಳಿಸುವುದೇ ಕಷ್ಟವಾಯಿತು. ನನ್ನ ಜ್ವರ ಇಳಿದರೂ, ಅತ್ತೆಯ ಕೆಮ್ಮು ನಿಂತರೂ, ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಗಂಟೆ ಹೊಡೆದ ಹಾಗೆ ಮೈ ತೊಳೆದುಕೊಂಡು ಹಾಜರ್. ಬಿಸಿಲು ಏರಿದ ಮೇಲೆ ಗಾಳಿಯಿಲ್ಲದ ಹಿತ್ತಲಿನಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದರು. ಶರಣಮ್ಮ ಗೋಡೆಯಾಚೆಯಿಂದ ಇಣುಕಿ, "ಮಾಸ್ತರ, ಹುಡುಗೋರ ಕಿವಿ ಹಿಂಡಿದ ಕೈ ಏನ್ರಿ ಇದು?" ಎಂದರೆ, ಮಾವ ತಲೆ ಎತ್ತದೆ, "ಶ್ಶ್! ಮಲಗ್ಯದ" ಎನ್ನುವರು. ಶರಣಮ್ಮ ಒಂದು ಗೊನೆಯಿಂದ ಒಳ್ಳೆಯ ಹಣ್ಣುಗಳನ್ನೇ ಆರಿಸಿ, "ಬಾಣಂತಿಗಿ ನಾಕು, ಮಾಸ್ತರಗೂ ನಾಕು. ಇಬ್ಬರೂ ಬಾಣಂತಿಗೋಳೇ" ಎಂದು ಗೋಡೆಯ ಮೇಲಿಟ್ಟು ಹೋಗುವರು.

ಒಂದು ಮಧ್ಯಾಹ್ನ ಅತ್ತೆ ಕಿರಾಣಿ ಅಂಗಡಿಗೆ ಹೋಗಿದ್ದರು. ಮಾವ ಕೂಸಿನ ಟೋಪಿ ಸರಿಮಾಡುತ್ತ, ನನ್ನನ್ನು ನೋಡದೆ ಹೇಳಿದರು.

"ಸುಧೀರನಕಿಂತ ಮೊದಲ ನಮಗೊಂದು ಹೆಣ್ಣ ಕೂಸು ಹುಟ್ಟಿತ್ತು. ಇಷ್ಟ ಇತ್ತು. ಮೂರ ದಿನ ಇತ್ತು."

ನನಗೆ ಅದು ಗೊತ್ತಿರಲಿಲ್ಲ. ಸುಧೀರನಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

"ಗಂಡಸರು ಬಾಣಂತಿ ಖೋಲ್ಯಾಗ ಹೋಗಬಾರದು ಅಂತ ಹಿರ್ಯಾರು ಅಂದ್ರು. ನಾ ಕಟ್ಟಿ ಮ್ಯಾಲೇ ಕುಂತೆ. ಮೂರೂ ದಿನ ನಿಮ್ಮತ್ತಿ ಒಬ್ಬಾಕೀನೇ ಎದಿಗೆ ಹಿಡಕೊಂಡು ಕುಂತಿದ್ಲು. ಒಳಗಿಂದ ಒಮ್ಮೆ ಕರದ್ಲು ನನ್ನ. ನಾ ಹೋಗ್ಲಿಲ್ಲ." ಟೋಪಿಯ ಅಂಚನ್ನು ಕೂಸಿನ ಕಿವಿಯ ಮೇಲೆ ಎಳೆದು, "ಆ ಕೂಸಿನ ಮಾರಿ ನಾ ನೋಡಿದ್ದು ಮಣ್ಣ ಕೊಡೂ ಮುಂದ" ಎಂದರು.

'ಈಗರ ಒಳಗ ಬರ್ರಿ' ಎಂದು, ಈಗಲಾದರೂ ಎಂದು, ಅತ್ತೆ ಅಂದಿದ್ದೇಕೆಂದು ನನಗೆ ಆಗ ಹೊಳೆಯಿತು. ಅಷ್ಟು ವರ್ಷ ಆ ನೋವನ್ನು ಒಳಗಿಟ್ಟುಕೊಂಡವರು ಅದನ್ನು ಒಂದು ಮಾತಿನಲ್ಲಿ ತೀರಿಸಿಕೊಳ್ಳಬಹುದಿತ್ತು. ಅವರು ತೀರಿಸಿಕೊಳ್ಳಲಿಲ್ಲ, ಬಾಗಿಲು ತೆರೆದರು. ಕ್ಷಮಿಸುವುದು ಎಂಬುದನ್ನು ನಾನು ಚರ್ಚಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಕಣ್ಣಾರೆ ಕಂಡದ್ದು ಆ ಮನೆಯ ಹೊಸ್ತಿಲಲ್ಲಿ.

ಅವತ್ತೇ ಇನ್ನೊಂದು ಗಂಟೂ ನನ್ನೊಳಗೆ ಸಡಿಲವಾಯಿತು. ಕೂಸಿಗೆ ಎಲ್ಲವೂ ನಾನೇ ಆಗಬೇಕು, ಆಗಲಾರದೆ ಹೋದರೆ ನಾನು ತಾಯಿಯಲ್ಲ ಎಂದುಕೊಂಡಿದ್ದೆ. ಆದರೆ ಆ ಮಗು ಬೆಳೆಯುತ್ತಿದ್ದದ್ದು ಮೂರು ಎದೆಗಳ ನಡುವೆ. ಶನಿವಾರ ಸಂಜೆ ಸುಧೀರ ಬಂದರೆ ನಾಲ್ಕು. ದೇವರು ತಾಯ್ತನವನ್ನು ನನ್ನೊಬ್ಬಳ ಕೈಗೆ ಕೊಟ್ಟಿರಲಿಲ್ಲ, ಮನೆಗೆ ಕೊಟ್ಟಿದ್ದ. 'ತಪ್ಪಾಯ್ತು' ಎಂಬ ಪ್ರಾರ್ಥನೆ ಯಾವತ್ತು ನಿಂತಿತೋ ನೆನಪಿಲ್ಲ. ಅದರ ಜಾಗದಲ್ಲಿ ಬೇರೆ ಮಾತು ಬರತೊಡಗಿತ್ತು: ಇವತ್ತು ಒಂದೇ ಹೊತ್ತಿಗೆ ಹದಿನೆಂಟು ಚಮಚ ಕುಡಿದಳು ಸ್ವಾಮಿ, ಇವತ್ತು ಇಪ್ಪತ್ತು.

ಅಷ್ಟರಲ್ಲಿ ಕ್ರಿಸ್‌ಮಸ್ ಬಂತು. ಆ ಊರಿನ ನಮ್ಮ ಚಿಕ್ಕ ಚರ್ಚಿನಲ್ಲಿ ಕ್ರಿಸ್‌ಮಸ್ ಬೆಳಗಿನ ಸುವಾರ್ತೆ ಓದುವವರು ಯಾವಾಗಲೂ ಮಾವ. ಅದು ಅವರ ಹೆಮ್ಮೆ. ಒಂದು ಅಕ್ಷರ ತಪ್ಪದಂತೆ, ನಿಲ್ಲುವಲ್ಲಿ ನಿಂತು, ಓದುತ್ತಿದ್ದರು. ಅತ್ತೆ ನಸುಕಿನಲ್ಲೆದ್ದು ಅಡಿಗೆ ಮುಗಿಸಿ, ಕೊನೆಗೆ ಓಡಿ ಬಂದು ಹಿಂದಿನ ಬಾಗಿಲ ಬಳಿ ಕೂರುತ್ತಿದ್ದರು. ಆ ಸಲ ಸುಧೀರ ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ. ಹಾಗಾಗಿ ಕೂಸಿನ ಹತ್ತಿರ ನಾನು ಉಳಿಯುತ್ತೇನೆ ಎಂದು ನಾನು, ತಾನು ಉಳಿಯುತ್ತೇನೆ ಎಂದು ಅತ್ತೆ. ಮಾವ ಇಬ್ಬರ ಮಾತನ್ನೂ ಕೇಳಿ, "ನೀವಿಬ್ಬರೂ ಹೋಗ್ರಿ. ನಾ ಇರ್ತೀನಿ" ಎಂದರು.

"ಮತ್ತ ಓದೂದು?" ಎಂದರು ಅತ್ತೆ.

"ನೀ ಓದು. ಪಾಸ್ಟರಿಗೆ ಹೇಳೀನಿ."

"ನಾನಾ? ನಾಕನೇತ್ತ ಕಲ್ತಾಕಿ ನಾ!"

"ಇಷ್ಟ ವರ್ಷ ನಾ ಓದಿದ್ದು ಕೇಳೀದಿ. ನನಗಿಂತ ನಿನಗ ಛಲೋ ಬರ್ತದ."

ಅಡಿಗೆಯನ್ನೂ ಮಾಡಬೇಡವೆಂದರು. ಊಟಕ್ಕೆ ಶರಣಮ್ಮನ ಮನೆಯಿಂದ ರೊಟ್ಟಿ, ಪಲ್ಯ ಬರಲಿತ್ತು.

ಅತ್ತೆ ಮದುವೆಯ ರೇಷ್ಮೆ ಸೀರೆ ಉಟ್ಟರು. ಚರ್ಚಿನಲ್ಲಿ ನಾವಿಬ್ಬರೂ ಮೊದಲ ಸಾಲಿನಲ್ಲಿ ಕೂತೆವು. ಅಲ್ಲಿಂದ ಚರ್ಚು ಬೇರೆಯೇ ಕಾಣುತ್ತದೆ ಎಂದು ಅತ್ತೆ ಪಿಸುಗುಟ್ಟಿದರು. ಹೆಸರು ಕರೆದಾಗ ಎದ್ದು ಹೋಗಿ ಪುಸ್ತಕ ತೆರೆದರು, ಚೀಲಕ್ಕೆ ಕೈ ಹಾಕಿದರು, ನನ್ನತ್ತ ನೋಡಿದರು. ಕನ್ನಡಕ ಮನೆಯಲ್ಲೇ ಉಳಿದಿತ್ತು.

ಅವರು ಕಣ್ಣೆತ್ತಿ ಜನರನ್ನೇ ನೋಡುತ್ತ ಹೇಳತೊಡಗಿದರು. ಊರೂರು ದಾಟಿ ಬಂದ ಬಸುರಿ ಹೆಂಗಸು, ಛತ್ರದಲ್ಲಿ ಜಾಗವಿಲ್ಲದ್ದು, ದಿನ ತುಂಬಿದ್ದು. ಮಾವ ಓದು ನಿಲ್ಲಿಸುತ್ತಿದ್ದಲ್ಲೇ ತಾವೂ ನಿಲ್ಲಿಸಿದರು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಮಾತಿಗೆ ಬಂದಾಗ, ತೆರೆದ ಪುಸ್ತಕದ ಮೇಲೆ ಅಂಗೈ ಊರಿದರು. ಆಮೇಲೆ ಹೇಳಿದರು: "ಬಟ್ಟೆಯಲ್ಲಿ ಸುತ್ತಿ, ಬೆಚ್ಚಗ, ಗೋದಲಿಯಲ್ಲಿ ಮಲಗಿಸಿದಳು."

'ಬೆಚ್ಚಗ' ಎಂಬುದು ಪುಸ್ತಕದಲ್ಲಿಲ್ಲ. ಪಾಸ್ಟರು ತಲೆ ಎತ್ತಿದರು. ಹಿಂದಿನ ಸಾಲಿನಲ್ಲಿ ಯಾರೋ "ಆಮೆನ್" ಎಂದರು.

ಮನೆಗೆ ಬಂದಾಗ ಮಾವ ಹಿತ್ತಲ ಬಿಸಿಲಿನಲ್ಲಿದ್ದರು.

"ಹ್ಯಾಂಗ ಓದಿದಿ?"

"ಒಂದ ಮಾತು ಹೆಚ್ಚಾತ್ರೀ." ಯಾವ ಮಾತೆಂದು ಅತ್ತೆ ಹೇಳಿದರು, ತಪ್ಪು ಒಪ್ಪಿಕೊಳ್ಳುವ ಹಾಗೆ.

ಒಂದು ಅಕ್ಷರ ತಪ್ಪಿದರೂ ಸಹಿಸದ ಮಾಸ್ತರರು ಕೂಸಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಯೋಚಿಸಿದರು.

"ಇರ್ಲಿ ಬಿಡು," ಎಂದರು. "ಅದು ಇರಬೇಕಾಗಿತ್ತು. ಯೋಸೇಫ ಆ ಕೂಸಿನ್ನ ಎಷ್ಟೊತ್ತು ಎತ್ತಿಕೊಂಡಾನೋ, ಅದನ್ನೂ ಯಾರೂ ಬರದಿಟ್ಟಿಲ್ಲ."

ಜನವರಿಯಲ್ಲಿ ತೂಕಕ್ಕೆಂದು ಕಲಬುರಗಿಗೆ ಹೋದೆವು. ತಕ್ಕಡಿಯ ಮುಳ್ಳು ಎರಡೂವರೆಯ ಹತ್ತಿರ ನಿಂತಾಗ ಆಪಾ, "ಯಾರ್ಯಾರು ಕಟಗೊಂಡ್ರಿ?" ಎಂದು ಕೇಳಿದರು. ಮಾವ ಬಿಳಿ ಅಂಗಿಯ ಕೊರಳಗುಂಡಿ ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದರು. ಅತ್ತೆ ಅವರತ್ತ ಬೆರಳು ತೋರಿಸಿದರು. ಆಪಾ ಇಡೀ ವಾರ್ಡಿಗೆ ಕೇಳುವ ಹಾಗೆ, "ಮಾಷಾ ಅಲ್ಲಾ! ಎಲ್ಲಾ ಗಂಡಸರೂ ಇವರನ್ನ ನೋಡ್ರಿ" ಎಂದರು. ಮಾವನ ಕಿವಿ ಕೆಂಪಾದವು.

ತಿಂಗಳ ಕೊನೆಯ ಒಂದು ಬೆಳಿಗ್ಗೆ ಹಿತ್ತಲಿನಿಂದ ಮಾವ ಕೂಗಿಕೊಂಡರು. ನಾನೂ ಅತ್ತೆಯೂ ಕೈಯಲ್ಲಿದ್ದುದನ್ನು ಬಿಟ್ಟು ಓಡಿದೆವು. ಕೂಸು ಬಟ್ಟೆಯೊಳಗೆ ಕೈಕಾಲು ಝಾಡಿಸುತ್ತಿತ್ತು, ಬೆವರಿತ್ತು. ಎರಡು ಕೈಯಿಂದ ಮಾವನ ಎದೆಯನ್ನು ಒತ್ತಿ, ಮುಖ ಕೆಂಪಗೆ ಮಾಡಿಕೊಂಡು ಅರಚುತ್ತಿತ್ತು. ಅಷ್ಟು ಜೋರು ದನಿಯನ್ನು ನಾವು ಕೇಳಿಯೇ ಇರಲಿಲ್ಲ.

"ಏನಾಗ್ಯದ ಇದಕ? ನಾ ಏನೂ ಮಾಡಿಲ್ಲ!" ಮಾವನ ಮುಖ ಬಿಳಿಚಿತ್ತು.

ನಾನು ಆಪಾಗೆ ಫೋನ್ ಹಚ್ಚಿದೆ. ಆ ಕೂಗು ಫೋನಿನಲ್ಲೇ ಕೇಳಿಸಿ ಅವರು ನಕ್ಕರು. "ಫಿಕರ ಮಾಡಬ್ಯಾಡ ಬೇಟಿ. ಅದಕ ಈಗ ಸೆಕೆ ಆಗ್ಲಿಕತ್ತದ. ದಿನ ತುಂಬ್ಯಾವ. ಸಾಕು, ಇಳಸ್ರಿ ಅಂತ ಹೇಳಾಕತ್ತದ."

ಗಂಟು ಬಿಚ್ಚಿ ತೊಟ್ಟಿಲಿಗೆ ಹಾಕಿದೆವು. ಕೂಸು ಕೈಕಾಲು ಚಾಚಿ, ಒಮ್ಮೆ ಆಕಳಿಸಿ ಮಲಗಿತು. ಅತ್ತೆ ಕಣ್ಣು ಮುಚ್ಚಿ ನಿಂತಲ್ಲೇ ಕೃತಜ್ಞತೆ ಹೇಳಿದರು. ನಾನು ನಗುತ್ತಿದ್ದೆ, ಅಳುತ್ತಿದ್ದೆ. ಮಾವ ಮಾತ್ರ ಬರಿಮೈಯಲ್ಲಿ, ಖಾಲಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಹಂಗಾದ್ರ," ಎಂದರು, "ನಾಳಿಂದ ನಾ ಏನ ಮಾಡ್ಲಿ?"

ಅತ್ತೆ ಬಚ್ಚಲ ಪಕ್ಕದಲ್ಲಿದ್ದ ಬಕೀಟು ತಂದು ಅವರ ಕಾಲ ಬಳಿ ಇಟ್ಟರು. ತುಂಬ ಕೂಸಿನ ಲಂಗೋಟಿಗಳು.

"ನಾಳಿಂದ ಯಾಕ? ಇವತ್ತ ಇವನ್ನ ಒಗೀರಿ. ಎದಿಗೆ ಕಟಗೊಂಡು ಬಿಸಿಲಿಗೆ ಕುಂಡ್ರೂದು ಸಸಾರದ ಕೆಲಸ. ತಾಯಿ ಆಗೂದು ಇಲ್ಲಿಂದ ಶುರು ಆಗ್ತದ."

ಮಾವ ಬಕೀಟು ನೋಡಿದರು. ಅತ್ತೆಯನ್ನು ನೋಡಿದರು. ಲುಂಗಿ ಮೊಣಕಾಲಿಗೆ ಎತ್ತಿ ಕಟ್ಟಿ, ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಗೋಡೆಯ ಮೇಲೆ ಶರಣಮ್ಮನ ತಲೆ ಕಾಣಿಸಿತು. ಆಕೆ ಗೋಡೆಗೆ ಗಲ್ಲವೂರಿ ನೋಡುತ್ತ ನಿಂತರು. ಮಾವ ಒಂದೊಂದೇ ಲಂಗೋಟಿಗೆ ಸಾಬೂನು ತಿಕ್ಕಿ, ಮೂಸಿ ನೋಡಿ, ಮನಸ್ಸಿಗೆ ಬರದಿದ್ದರೆ ಮತ್ತೊಮ್ಮೆ ತಿಕ್ಕಿ, ಹಿಂಡಿ ಹಗ್ಗಕ್ಕೆ ಹಾಕುತ್ತ ಹೋದರು.